ಬೈಕಿನ ಎವರೇಜ್ ಬಿದ್ದಾಗ: ಪುಣೆ–ಬೆಳಗಾವಿ ರಸ್ತೆಯ ಸವಾರರಿಗೊಂದು ಮಾರ್ಗದರ್ಶಿ

ಪುಣೆಯಿಂದ ಬೆಳಗಾವಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 340 ಕಿಲೋಮೀಟರ್ ದೂರವಿದೆ. 13 ಲೀಟರ್ ಟ್ಯಾಂಕಿನ ಬೈಕು ಲೀಟರಿಗೆ 30 ಕಿ.ಮೀ. ಓಡುತ್ತಿದ್ದರೆ ಕಾತ್ರಜದಲ್ಲಿ ತುಂಬಿಸಿದ ಪೆಟ್ರೋಲಿನಲ್ಲೇ ಊರು ಮುಟ್ಟಿ, ಮರುದಿನ ಪೇಟೆಗೆ ಹೋಗಿಬರುವಷ್ಟು ಉಳಿಯುತ್ತದೆ. ಅದೇ ಬೈಕು 25ಕ್ಕೆ ಇಳಿದರೆ 325 ಕಿ.ಮೀ.ಗೆ ಟ್ಯಾಂಕು ಬರಿದಾಗುತ್ತದೆ, ಬೆಳಗಾವಿ ಮುಟ್ಟುವ ಮೊದಲೇ ಬಂಕ್ ಹುಡುಕಬೇಕಾಗುತ್ತದೆ. ಪುಣೆಯಲ್ಲಿ ದುಡಿದು ಹಬ್ಬಕ್ಕೂ ಮದುವೆಗೂ ಬೈಕಿನಲ್ಲೇ ಊರಿಗೆ ಹೋಗಿಬರುವ ನಮ್ಮಂಥವರಿಗೆ ಈ ಐದು ಕಿಲೋಮೀಟರಿನ ವ್ಯತ್ಯಾಸ ದುಡ್ಡಿನ ಲೆಕ್ಕಕ್ಕಷ್ಟೇ ಮುಗಿಯುವುದಿಲ್ಲ. ಬೈಕಿನ ಒಳಗೆ ಏನೋ ತಪ್ಪಾಗಿದೆ ಎಂಬುದನ್ನು ಅದು ಎಲ್ಲಕ್ಕಿಂತ ಮೊದಲು ಹೇಳುತ್ತದೆ.

ಇಲ್ಲಿನ ಗ್ಯಾರೇಜುಗಳಲ್ಲಿ ಮೈಲೇಜ್ ಎನ್ನುವುದಕ್ಕಿಂತ ಎವರೇಜ್ ಎನ್ನುವುದೇ ರೂಢಿ, ನಮ್ಮ ಉತ್ತರ ಕರ್ನಾಟಕದಲ್ಲೂ ಹಾಗೆಯೇ. ಎವರೇಜ್ ಬಿದ್ದಿದೆ ಎಂದು ಹೇಳಿದ ತಕ್ಷಣ ಮೆಕ್ಯಾನಿಕ್ ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಇಂಜೆಕ್ಟರ್ ಕ್ಲೀನಿಂಗ್ ಎಂದು ಚೀಟಿ ಬರೆಯತೊಡಗುತ್ತಾನೆ. ನನ್ನ ಅನುಭವದಲ್ಲಿ ಕಾರಣ ಬಹಳಷ್ಟು ಸಲ ಈ ಮೂರರ ಹೊರಗೆ, ಕೈಗೆ ಸಿಗುವ ಜಾಗದಲ್ಲೇ ಇರುತ್ತದೆ. ಆದ್ದರಿಂದ ಮೊದಲು ಅಳೆಯಬೇಕು, ಆಮೇಲೆ ಖರ್ಚಿಲ್ಲದ ಪರೀಕ್ಷೆಗಳನ್ನು ಮುಗಿಸಬೇಕು, ಬಿಡಿಭಾಗಕ್ಕೆ ಕೈ ಹಾಕುವುದು ಕೊನೆಗೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಎವರೇಜ್ ಮರಳಿ ಬಂದರೂ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ, ಮುಂದಿನ ಸಲ ಮತ್ತೆ ನಾಲ್ಕಕ್ಕೂ ದುಡ್ಡು ಸುರಿಯಬೇಕಾಗುತ್ತದೆ.

ಮೊದಲು ಅಳತೆ

ಮೀಟರಿನ ಪರದೆಯ ಮೇಲೆ ಕಾಣುವ ಎವರೇಜ್ ಸಂಖ್ಯೆಯನ್ನು ನಂಬಿ ಹೊರಡಬೇಡಿ. ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಎಂಬುದರಿಂದ ಇಸಿಯು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಮಾಡುವ ಅಂದಾಜು ಅದು. ಇಂದಿನ ಸವಾರಿಯನ್ನು ನಿನ್ನೆಯದರೊಂದಿಗೆ ಹೋಲಿಸಲು ಸಾಕು, ನಿಜವಾದ ಬಳಕೆ ಎಷ್ಟೆಂದು ತಿಳಿಯಲು ಸಾಲದು. ಟ್ಯಾಂಕಿನಿಂದ ಟ್ಯಾಂಕಿಗೆ ಅಳೆಯುವ ಹಳೆಯ ಕ್ರಮವೇ ಸರಿ. ಬೈಕನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಅದಿಲ್ಲದಿದ್ದರೆ ನೀವೇ ಕುಳಿತು ನೇರವಾಗಿ ಹಿಡಿದು, ಟ್ಯಾಂಕಿನ ಬಾಯಿಯೊಳಗಿನ ಲೋಹದ ಕಂಠದ ಕೆಳ ಅಂಚಿನವರೆಗೆ ತುಂಬಿಸಿ ಓಡೋಮೀಟರ್ ಬರೆದುಕೊಳ್ಳಿ. ಮುಂದಿನ ಸಲ ಅದೇ ಬಂಕಿನಲ್ಲಿ, ಸಾಧ್ಯವಾದರೆ ಅದೇ ಪಂಪಿನಲ್ಲಿ, ಅದೇ ಮಟ್ಟಕ್ಕೆ ತುಂಬಿಸಿ, ಓಡಿದ ದೂರವನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. 318 ಕಿ.ಮೀ. ಓಡಿ 10.6 ಲೀಟರ್ ಹಿಡಿದಿದ್ದರೆ ಲೀಟರಿಗೆ 30 ಎಂದಾಯಿತು. ಸೈಡ್ ಸ್ಟ್ಯಾಂಡಿನ ಮೇಲೆ ಓರೆಯಾಗಿ ನಿಲ್ಲಿಸಿ ತುಂಬಿಸಿದರೆ ಅರ್ಧ ಲೀಟರಿನಷ್ಟು ಹೆಚ್ಚುಕಡಿಮೆಯಾಗುವುದು ಸುಲಭ, ಆ ಒಂದು ತಪ್ಪೇ ಎವರೇಜನ್ನು ಒಂದೂವರೆ ಕಿಲೋಮೀಟರಿನಷ್ಟು ಏರಿಳಿಸಿ ತೋರಿಸುತ್ತದೆ. ಈ ಕಾರಣಕ್ಕೆ ಒಂದು ಟ್ಯಾಂಕಿನ ಲೆಕ್ಕವನ್ನು ನೋಡಿ ತೀರ್ಮಾನಕ್ಕೆ ಬರಬಾರದು. ಮೂರು ಟ್ಯಾಂಕುಗಳ ಒಟ್ಟು ದೂರವನ್ನು ಒಟ್ಟು ಲೀಟರಿನಿಂದ ಭಾಗಿಸಿದಾಗ ಸಿಗುವ ಸಂಖ್ಯೆಯನ್ನು ನಂಬಬಹುದು.

ಅಳತೆ ನಿಖರವಾಗಲಿ ಎಂದು ಮುಚ್ಚಳದ ತನಕ ಪೆಟ್ರೋಲ್ ತುಂಬಿಸುವುದು ಬಿಎಸ್-6 ಮಾಲಿನ್ಯ ನಿಯಮದ ಬೈಕುಗಳಿಗೆ ಒಳ್ಳೆಯದಲ್ಲ. ಟ್ಯಾಂಕಿನ ಆವಿ ಹೊರಗೆ ಹೋಗದಂತೆ ಹಿಡಿದಿಡಲು ಈ ಬೈಕುಗಳಲ್ಲಿ ಕ್ಯಾನಿಸ್ಟರ್ ಎನ್ನುವ ಇದ್ದಿಲಿನ ಡಬ್ಬಿ ಇರುತ್ತದೆ, ಆ ಆವಿಯನ್ನು ಎಂಜಿನ್ ನಿಧಾನವಾಗಿ ಎಳೆದುಕೊಂಡು ಸುಡುತ್ತದೆ. ಕಂಠ ಮೀರಿ ತುಂಬಿಸಿದಾಗ ಆವಿಯ ಬದಲು ಪೆಟ್ರೋಲೇ ಆ ಡಬ್ಬಿಗೆ ಇಳಿಯಬಹುದು. ಇದ್ದಿಲು ನೆನೆದು ಹೋದರೆ ಎಂಜಿನ್ನಿಗೆ ಲೆಕ್ಕವಿಲ್ಲದ ಪೆಟ್ರೋಲ್ ಸೇರತೊಡಗುತ್ತದೆ, ಬಿಸಿ ಎಂಜಿನ್ ಸ್ಟಾರ್ಟ್ ಆಗಲು ತಡವರಿಸುತ್ತದೆ, ಬೈಕಿನ ಸುತ್ತ ಪೆಟ್ರೋಲ್ ವಾಸನೆ ಹಬ್ಬುತ್ತದೆ.

ಓಡೋಮೀಟರನ್ನೂ ಒಮ್ಮೆ ಪರೀಕ್ಷಿಸಬೇಕು. ಫೋನಿನ ಜಿಪಿಎಸ್ 50 ಕಿ.ಮೀ. ತೋರಿಸುವಾಗ ಮೀಟರ್ 52 ತೋರಿಸಿದರೆ, ನೀವು 30 ಎಂದುಕೊಂಡದ್ದು ನಿಜದಲ್ಲಿ 29ಕ್ಕೂ ಸ್ವಲ್ಪ ಕಡಿಮೆ. ಟೈರಿನ ಅಳತೆ ಬದಲಿಸಿದವರಲ್ಲಿ ಮೀಟರ್ ತಪ್ಪು ತೋರಿಸುವುದು ಹೆಚ್ಚು: ವೇಗವನ್ನು ಚಕ್ರದ ಸುತ್ತಿನಿಂದ ಎಣಿಸುವ ಬೈಕಿಗೆ ಸ್ವಲ್ಪ ದೊಡ್ಡ ಟೈರ್ ಹಾಕಿದರೆ ಅದೇ ದೂರಕ್ಕೆ ಸುತ್ತು ಕಡಿಮೆಯಾಗಿ ಮೀಟರ್ ಕಡಿಮೆ ದೂರ ತೋರಿಸುತ್ತದೆ. ಆಗ ಬಿದ್ದದ್ದು ಎವರೇಜ್ ಅಲ್ಲ, ಲೆಕ್ಕ.

ರಸ್ತೆಯ ಏರಿಳಿತವೂ ಲೆಕ್ಕವನ್ನು ಕೆಡಿಸುತ್ತದೆ. ಪುಣೆ ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಎಕ್ಸ್‌ಪ್ರೆಸ್‌ವೇ ಮೇಲೆ ದ್ವಿಚಕ್ರ ವಾಹನಗಳಿಗೆ ಅನುಮತಿ ಇಲ್ಲದ್ದರಿಂದ ಹಳೆಯ ಹೆದ್ದಾರಿಯಲ್ಲಿ ಖಂಡಾಲಾ ಘಾಟಿ ಇಳಿದು ಮುಂಬೈಗೆ ಹೋದವರು ಅಲ್ಲಿ ಲೆಕ್ಕ ಹಾಕಿ ಹಿಗ್ಗುತ್ತಾರೆ, ಮರಳಿ ಬಂದು ಲೆಕ್ಕ ಹಾಕಿ ಕುಗ್ಗುತ್ತಾರೆ. ಹೋಗಿಬರುವ ಎರಡೂ ದಾರಿಯನ್ನು ಸೇರಿಸಿ ಭಾಗಿಸಿದರಷ್ಟೇ ಅರ್ಥವಿದೆ.

ಯಾವುದರೊಂದಿಗೆ ಹೋಲಿಸಬೇಕು?

ಜಾಹೀರಾತಿನಲ್ಲಿ ಬರುವ ಪ್ರಮಾಣಿತ ಸಂಖ್ಯೆಯೊಂದಿಗೆ ಹೋಲಿಸಬೇಡಿ. ಅಂಥ ಪರೀಕ್ಷೆ ನಡೆಸುವ ಎಆರ್‌ಎಐ ಸಂಸ್ಥೆ ನಮ್ಮ ಪುಣೆಯ ಕೋಥರೂಡ್ ಪಕ್ಕದ ವೇತಾಳ ಗುಡ್ಡದ ಮೇಲೇ ಇದೆ. ಪರೀಕ್ಷೆ ನಡೆಯುವುದು ಪ್ರಯೋಗಾಲಯದ ಉರುಳೆಗಳ ಮೇಲೆ, ಗೊತ್ತುಪಡಿಸಿದ ತಾಪಮಾನದಲ್ಲಿ, ಗೊತ್ತುಪಡಿಸಿದ ವೇಗಗಳ ಆವರ್ತದಲ್ಲಿ. ಅಲ್ಲಿ ಎದುರುಗಾಳಿ ಇಲ್ಲ, ಪಕ್ಕದ ಪೆಟ್ಟಿಗೆಗಳಿಲ್ಲ, ಹಿಂದೆ ಕುಳಿತ ಹೆಂಡತಿಯ ಮಡಿಲಲ್ಲಿ ಊರಿಗೆ ಒಯ್ಯುವ ಚೀಲವೂ ಇಲ್ಲ. ನಿಮ್ಮ ಬೈಕು ಚೆನ್ನಾಗಿದ್ದ ಕಾಲದಲ್ಲಿ ಇದೇ ರಸ್ತೆಯಲ್ಲಿ ಕೊಟ್ಟ ಸಂಖ್ಯೆಯೇ ನಿಮಗೆ ಅಳತೆಗೋಲು. ಅದನ್ನು ಬರೆದಿಟ್ಟುಕೊಂಡಿಲ್ಲದವರು ಇಂದಿನಿಂದಲೇ ಒಂದು ಸಣ್ಣ ಪುಸ್ತಕ ಇಡಿ.

ಪೆಟ್ರೋಲ್ ಬದಲಾಗಿರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಈಗ ಬಂಕುಗಳಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ; ಆ ಲೆಕ್ಕದಲ್ಲಿ ಶುದ್ಧ ಪೆಟ್ರೋಲಿಗಿಂತ ಇ20ರಲ್ಲಿ ಶೇ. 7ರ ಹತ್ತಿರ ಹತ್ತಿರ, ಹಿಂದೆ ಸಿಗುತ್ತಿದ್ದ ಇ10ಕ್ಕಿಂತ ಶೇ. 3ರಿಂದ 4ರಷ್ಟು ಶಕ್ತಿ ಕಡಿಮೆ. ಅಂದರೆ 30 ಕೊಡುತ್ತಿದ್ದ ಬೈಕು 29ಕ್ಕೆ ಬಂದಿದ್ದರೆ ಪೆಟ್ರೋಲಿನ ಮಿಶ್ರಣವೇ ಕಾರಣವಿರಬಹುದು. 25ಕ್ಕೆ ಬಿದ್ದಿದ್ದರೆ ಅಷ್ಟನ್ನೂ ಎಥನಾಲಿನ ಮೇಲೆ ಹೊರಿಸುವುದು ತಪ್ಪು. ಹೀಗೆ ಹೊರಿಸಿ ಕೈಕಟ್ಟಿ ಕುಳಿತವರ ಬೈಕುಗಳಲ್ಲಿ ಬ್ರೇಕ್ ಪ್ಯಾಡ್ ಸವೆದು ಲೋಹ ಲೋಹಕ್ಕೆ ತಾಗುವವರೆಗೂ ನಿಜವಾದ ಕಾರಣ ಹೊರಗೆ ಬರದಿದ್ದುದನ್ನು ಕಂಡಿದ್ದೇನೆ. ಬಂಕಿನ ಅಳತೆಯ ಮೇಲೆ ಅನುಮಾನವಿದ್ದರೆ ಮುದ್ರೆಯೊತ್ತಿದ 5 ಲೀಟರಿನ ಮಾಪನ ಪಾತ್ರೆಯಲ್ಲಿ ಅಳೆದು ತೋರಿಸುವಂತೆ ಕೇಳುವ ಹಕ್ಕು ಗ್ರಾಹಕನಿಗಿದೆ.

ಎಲ್ಲಿ ಬಿತ್ತು, ಹೇಗೆ ಬಿತ್ತು?

ಸ್ಪ್ಯಾನರ್ ಹಿಡಿಯುವ ಮೊದಲು ಎರಡು ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರ ಬರೆದುಕೊಳ್ಳಿ. ಎವರೇಜ್ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳಿಯಿತೇ, ಅಥವಾ ಒಂದು ಸರ್ವೀಸಿನ ನಂತರ, ಒಂದು ಮಳೆಯ ನಂತರ ಥಟ್ಟನೆ ಬಿತ್ತೇ? ನಗರದಲ್ಲಷ್ಟೇ ಬಿದ್ದಿದೆಯೇ, ಹೆದ್ದಾರಿಯಲ್ಲಷ್ಟೇ ಬಿದ್ದಿದೆಯೇ, ಎರಡೂ ಕಡೆ ಬಿದ್ದಿದೆಯೇ?

ನಿಧಾನವಾಗಿ ಇಳಿಯುವುದು ಸವೆತದ, ಕೊಳೆಯ ಲಕ್ಷಣ: ಚೈನ್, ಏರ್ ಫಿಲ್ಟರ್, ಎಂಜಿನ್ನಿನ ವಾಲ್ವುಗಳನ್ನು ಒತ್ತುವ ಟ್ಯಾಪೆಟ್, ಟೈರಿನ ಗಾಳಿ. ಥಟ್ಟನೆ ಬಿದ್ದರೆ ಯಾರೋ ಏನೋ ಬದಲಿಸಿದ್ದಾರೆ, ಇಲ್ಲವೇ ಒಂದು ಭಾಗ ಕೈಕೊಟ್ಟಿದೆ: ಹಿಡಿದುಕೊಂಡ ಬ್ರೇಕ್, ಸೆನ್ಸರ್, ಎಂಜಿನ್ ತಂಪಿನ ನೀರಿನ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್, ಹೊಸ ಟೈರ್. ಹೆದ್ದಾರಿಯಲ್ಲಷ್ಟೇ ಬಿದ್ದಿದ್ದರೆ ವೇಗ, ಸಾಮಾನಿನ ಪೆಟ್ಟಿಗೆ, ಜಾರುವ ಕ್ಲಚ್, ಬದಲಾದ ಸ್ಪ್ರಾಕೆಟ್ (ಚೈನ್ ಓಡುವ ಹಲ್ಲುಗಾಲಿ) ಕಡೆಗೆ ನೋಡಬೇಕು. ನಗರದಲ್ಲಷ್ಟೇ ಬಿದ್ದಿದ್ದರೆ ಬೈಕಿಗಿಂತ ಮೊದಲು ದಿನಚರಿಯನ್ನು ನೋಡಿ. ಮನೆಯಿಂದ ಆಫೀಸಿಗೆ ನಾಲ್ಕೇ ಕಿಲೋಮೀಟರ್ ಎಂದಾದರೆ ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆರಿಸುತ್ತೀರಿ, ತಣ್ಣನೆಯ ಎಂಜಿನ್ನಿಗೆ ಇಸಿಯು ಹೆಚ್ಚು ಪೆಟ್ರೋಲ್ ಬಿಡುತ್ತದೆ. ಪುಣೆಯ ಐಟಿ ಕಂಪನಿಗಳ ಹಿಂಜವಡಿಯಲ್ಲಿ ಸಂಜೆಯ ವಾಹನಗಳ ಸಾಲಿನಲ್ಲಿ ನಿಂತ ಬೈಕಿನ ಎವರೇಜ್ ಸೊನ್ನೆಯೇ.

ಗಾಳಿ ಮತ್ತು ಚೈನ್

ಟೈರಿನ ಗಾಳಿಯನ್ನು ಬೆಳಿಗ್ಗೆ, ಬೈಕು ಹೊರಡುವ ಮೊದಲು, ನಿಮ್ಮದೇ ಗೇಜಿನಿಂದ ನೋಡಿ. ಬೇಕಾದ ಒತ್ತಡ ಎಷ್ಟು ಪಿಎಸ್‌ಐ ಎಂಬುದು ಚೈನ್ ಕವರ್ ಅಥವಾ ಸ್ವಿಂಗ್ ಆರ್ಮ್ ಮೇಲಿನ ಚೀಟಿಯಲ್ಲಿರುತ್ತದೆ. ಒಬ್ಬರೇ ಹೋಗುವಾಗಿನ ಸಂಖ್ಯೆ ಬೇರೆ, ಇಬ್ಬರು ಸಾಮಾನಿನೊಂದಿಗೆ ಹೋಗುವಾಗಿನದು ಬೇರೆ. ಆ ಸಂಖ್ಯೆ ತಣ್ಣನೆಯ ಟೈರಿಗೆ ಹೇಳಿದ್ದು. ಸಾತಾರಾದ ತನಕ ಓಡಿಸಿ ಬಿಸಿಯಾದ ಟೈರಿನಲ್ಲಿ ಒತ್ತಡ ಮೂರು ನಾಲ್ಕು ಪಿಎಸ್‌ಐ ಏರಿರುತ್ತದೆ. ಅಲ್ಲಿ ನಿಲ್ಲಿಸಿ ಚೀಟಿಯ ಸಂಖ್ಯೆಗೆ ಸರಿಯಾಗುವಂತೆ ಗಾಳಿ ಬಿಡಿಸಿಕೊಂಡರೆ ಮರುದಿನ ಬೆಳಿಗ್ಗೆ ಟೈರಿನಲ್ಲಿ ಅಷ್ಟು ಗಾಳಿ ಕಡಿಮೆ ಇರುತ್ತದೆ. ಋತುವೂ ಕೆಲಸ ಮಾಡುತ್ತದೆ: ಮೇ ತಿಂಗಳ 38 ಡಿಗ್ರಿಯ ಮಧ್ಯಾಹ್ನ 32 ಪಿಎಸ್‌ಐ ತುಂಬಿಸಿದ ಟೈರು, ಒಂದು ಗುಳ್ಳೆ ಗಾಳಿ ಸೋರದಿದ್ದರೂ, ಡಿಸೆಂಬರಿನ 12 ಡಿಗ್ರಿಯ ಮುಂಜಾನೆ 28ರ ಆಸುಪಾಸಿಗೆ ಬಂದಿರುತ್ತದೆ. ಕಾಡುದಾರಿಗೆಂದು ದಪ್ಪ ಗಡ್ಡೆಗಳ ಟೈರ್ ಹಾಕಿಸಿದವರು ಡಾಂಬರಿನ ಮೇಲೆ ಮೊದಲಿನ ಎವರೇಜ್ ನಿರೀಕ್ಷಿಸಬಾರದು.

ಚೈನಿನ ವಿಷಯದಲ್ಲಿ ಸಡಿಲವಾದದ್ದಕ್ಕಿಂತ ಬಿಗಿಯಾದದ್ದು ಹೆಚ್ಚು ಕೆಡಕು. ಅನೇಕ ಬೈಕುಗಳಲ್ಲಿ 25ರಿಂದ 35 ಮಿ.ಮೀ. ಸಡಿಲ ಇರಬೇಕೆಂದು ಕೈಪಿಡಿ ಹೇಳುತ್ತದೆ, ಉದ್ದ ಸಸ್ಪೆನ್ಶನ್ನಿನ ಬೈಕುಗಳಿಗೆ ಇನ್ನೂ ಹೆಚ್ಚು ಬೇಕು; ನಿಮ್ಮ ಕೈಪಿಡಿಯನ್ನೇ ನೋಡಿ. ಖಾಲಿ ಬೈಕಿನಲ್ಲಿ ಸರಿಯಾಗಿ ಕಂಡ ಚೈನ್, ಇಬ್ಬರು ಕುಳಿತು ಹಿಂದಿನ ಚಕ್ರ ಮೇಲೆದ್ದಾಗ ತಂತಿಯಂತೆ ಬಿಗಿದುಕೊಳ್ಳುತ್ತದೆ. ಒಂದೇ ಜಾಗದಲ್ಲಿ ಅಳೆಯದೆ ಚಕ್ರವನ್ನು ಕಾಲು ಸುತ್ತು ತಿರುಗಿಸುತ್ತ ನಾಲ್ಕು ಕಡೆ ಅಳೆಯಿರಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಬಂದರೆ ಚೈನ್ ಸಮನಾಗಿ ಹಿಗ್ಗಿಲ್ಲ, ಅದರ ಕಾಲ ಮುಗಿಯುತ್ತ ಬಂದಿದೆ. ಕೊಂಡಿಗಳಲ್ಲಿ ರಬ್ಬರ್ ಉಂಗುರಗಳಿರುವ ಓ-ರಿಂಗ್ ಚೈನನ್ನು ಪೆಟ್ರೋಲಿನಿಂದ ತೊಳೆದರೆ ಆ ಉಂಗುರಗಳು ಕೆಡುತ್ತವೆ, ಸೀಮೆಎಣ್ಣೆ ಮತ್ತು ಮೆತ್ತನೆಯ ಬ್ರಶ್ ಸಾಕು. ಎಣ್ಣೆ ಹಾಕಬೇಕಾದದ್ದು ಸವಾರಿ ಮುಗಿಸಿ ಬಂದ ಮೇಲೆ, ಚೈನ್ ಇನ್ನೂ ಬೆಚ್ಚಗಿರುವಾಗ, ಒಳಬದಿಗೆ. ಮಳೆಯಲ್ಲಿ ಖಂಬಾಟಕಿ ಘಾಟಿ ದಾಟಿ ಬಂದ ದಿನ 500 ಕಿ.ಮೀ. ಆಗಲೆಂದು ಕಾಯದೆ ಅಂದೇ ಹಾಕಿ.

ಬ್ರೇಕ್: ತಣ್ಣಗಿದ್ದಾಗ ಸುಳ್ಳು ಹೇಳುವ ಭಾಗ

ಈ ಭಾಗವನ್ನು ವಿವರವಾಗಿ ಬರೆಯಲು ಕಾರಣವಿದೆ. ಒಂದು ಮಳೆಗಾಲದ ಮುಂಚೆ ನನ್ನ ಬೈಕಿನ ಎವರೇಜ್ ಒಂದೇ ತಿಂಗಳಲ್ಲಿ 30ರಿಂದ 25ಕ್ಕೆ ಬಿತ್ತು. ಏರ್ ಫಿಲ್ಟರ್ ಬದಲಿಸಿದೆ, ಪ್ಲಗ್ ಬದಲಿಸಿದೆ, ಇಂಜೆಕ್ಟರ್ ಕ್ಲೀನ್ ಮಾಡಿಸಿದೆ. ಮೂರು ಸಾವಿರಕ್ಕೂ ಹೆಚ್ಚು ಖರ್ಚಾಗಿ ಸಂಖ್ಯೆ ಅಲ್ಲೇ ನಿಂತಿತು. ಬ್ರೇಕ್ ನೋಡಲಿಲ್ಲ ಎಂದಲ್ಲ. ಸೊಸೈಟಿಯ ಪಾರ್ಕಿಂಗಿನಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿದ್ದೆ, ಅದು ಸರಾಗವಾಗಿ ತಿರುಗಿತ್ತು, ಬ್ರೇಕ್ ಸರಿಯಿದೆ ಎಂದು ಪಟ್ಟಿಯಿಂದ ಹೊಡೆದುಹಾಕಿದ್ದೆ.

ಆಮೇಲೆ ಊರಿಗೆ ಹೊರಟ ಒಂದು ಬೆಳಿಗ್ಗೆ ಕರಾಡ ದಾಟಿ ಚಹಾಕ್ಕೆ ನಿಲ್ಲಿಸಿದಾಗ ಪಕ್ಕದಲ್ಲಿ ನಿಂತಿದ್ದ ವಿಜಯಪುರ ಕಡೆಯ ಲಾರಿ ಚಾಲಕರೊಬ್ಬರು ನಂಬರ್ ಪ್ಲೇಟಿನ ಮೇಲಿನ ಕೆಎ ನೋಡಿ ಕನ್ನಡದಲ್ಲೇ ಹೇಳಿದರು: "ಅಣ್ಣಾರ, ನಿಮ್ಮ ಗಾಡಿ ಹಿಂದಿನ ಬ್ರೇಕ್ ಸುಡಾಕತ್ತೈತ್ರಿ, ವಾಸನಿ ಬರಾಕತ್ತೈತಿ ನೋಡ್ರಿ." ಬಾಟಲಿಯಿಂದ ನಾಲ್ಕು ಹನಿ ನೀರನ್ನು ಹಿಂದಿನ ಡಿಸ್ಕಿನ ಮೇಲೆ ಬಿಟ್ಟೆ. ಹನಿ ಜಾರಿ ಕೆಳಗೆ ಬೀಳಲಿಲ್ಲ. ಚುರ್ ಎಂದು ಅಲ್ಲೇ ಆವಿಯಾಯಿತು. ಮುಂದಿನ ಡಿಸ್ಕಿನ ಮೇಲೆ ಬಿಟ್ಟ ನೀರು ಸುಮ್ಮನೆ ಹರಿದು ಹೋಯಿತು. ಸೆಂಟರ್ ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸಿದರೆ ಅದು ಅರ್ಧ ಸುತ್ತೂ ಹೋಗದೆ ನಿಂತಿತು.

ಕಾರಣ ಆಮೇಲೆ ಹೊಳೆಯಿತು. ಅದರ ಹಿಂದಿನ ಸರ್ವೀಸಿನಲ್ಲಿ ಬ್ರೇಕ್ ಪೆಡಲ್ ಸ್ವಲ್ಪ ಎತ್ತರಕ್ಕೆ ಹೊಂದಿಸಿಕೊಡಿ ಎಂದು ನಾನೇ ಕೇಳಿದ್ದೆ. ಗ್ಯಾರೇಜಿನಲ್ಲಿ ಪೆಡಲಿನ ಎತ್ತರ ಹೊಂದಿಸಿದವರು, ಬ್ರೇಕ್ ಆಯಿಲನ್ನು ಒತ್ತುವ ಮಾಸ್ಟರ್ ಸಿಲಿಂಡರಿನ ಪುಶ್ ರಾಡಿಗೆ (ಪೆಡಲಿನ ಒತ್ತಡವನ್ನು ಅದರ ಪಿಸ್ಟನ್ನಿಗೆ ಮುಟ್ಟಿಸುವ ಕಂಬಿಗೆ) ಬಿಡಬೇಕಾದ ಸಣ್ಣ ಸಡಿಲವನ್ನು ಬಿಟ್ಟಿರಲಿಲ್ಲ. ಪೆಡಲ್ ಒತ್ತದಿದ್ದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರಬೇಕು, ಆಗಷ್ಟೇ ಬ್ರೇಕ್ ಆಯಿಲ್ ಡಬ್ಬಿಗೆ ಮರಳುವ ಸಣ್ಣ ರಂಧ್ರ ತೆರೆಯುತ್ತದೆ. ಪುಶ್ ರಾಡ್ ಪಿಸ್ಟನ್ನನ್ನು ಸದಾ ಸ್ವಲ್ಪ ತಳ್ಳಿಕೊಂಡೇ ಇದ್ದರೆ ಆ ರಂಧ್ರ ಮುಚ್ಚಿರುತ್ತದೆ. ಓಡುತ್ತ ಓಡುತ್ತ ಆಯಿಲ್ ಬಿಸಿಯಾಗಿ ಹಿಗ್ಗುತ್ತದೆ, ಹಿಗ್ಗಿದ ಆಯಿಲಿಗೆ ಹಿಂದೆ ಹೋಗಲು ದಾರಿಯಿಲ್ಲ, ಅದು ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ, ಉಜ್ಜಿ ಮತ್ತಷ್ಟು ಬಿಸಿಯಾಗುತ್ತದೆ. ರಾತ್ರಿ ತಣ್ಣಗಾದಾಗ ಆಯಿಲ್ ಕುಗ್ಗಿ ಚಕ್ರ ಸರಾಗವಾಗುತ್ತದೆ. ಪಾರ್ಕಿಂಗಿನಲ್ಲಿ ನಾನು ಕಂಡದ್ದು ಆ ತಣ್ಣಗಿನ ಸ್ಥಿತಿ. ರಸ್ತೆ ಬದಿಯಲ್ಲೇ ಪಾನಾ ತೆಗೆದು ಲಾಕ್ ನಟ್ ಸಡಿಲಿಸಿ, ಪುಶ್ ರಾಡನ್ನು ಕೊಂಚ ಹಿಂದಕ್ಕೆ ತಿರುಗಿಸಿ, ಪೆಡಲಿಗೆ ಆಡುವಷ್ಟು ಸಡಿಲ ಬಿಟ್ಟು, ಲಾಕ್ ನಟ್ ಮತ್ತೆ ಬಿಗಿದು, ಡಿಸ್ಕ್ ತಣ್ಣಗಾಗುವವರೆಗೆ ಕಾದು, ಖಾಲಿ ಜಾಗದಲ್ಲಿ ಬ್ರೇಕ್ ಹಿಡಿಯುತ್ತದೆಯೇ ಎಂದು ನೋಡಿ ಹೊರಟೆ. ಮುಂದಿನ ಎರಡು ಟ್ಯಾಂಕುಗಳಲ್ಲಿ ಎವರೇಜ್ ಮರಳಿತು.

ಆದ್ದರಿಂದ ಬ್ರೇಕನ್ನು ಎರಡು ಸಲ ಪರೀಕ್ಷಿಸಬೇಕು: ತಣ್ಣಗಿದ್ದಾಗ ಒಮ್ಮೆ, 30–40 ಕಿ.ಮೀ. ಓಡಿಸಿದ ಮೇಲೆ ಒಮ್ಮೆ. ನಿಲ್ಲಿಸುವ ಕೊನೆಯ ಒಂದು ಕಿಲೋಮೀಟರ್ ಸುರಕ್ಷಿತವಾಗಿದ್ದರೆ ಬ್ರೇಕ್ ಬಳಸದೆ ವೇಗ ಇಳಿಸಿ, ನಿಂತ ಮೇಲೆ ಎರಡೂ ಡಿಸ್ಕುಗಳ ಮೇಲೆ ಹನಿ ನೀರು ಬಿಟ್ಟು ನೋಡಿ. ಬೆರಳಿಟ್ಟು ಪರೀಕ್ಷಿಸಬೇಡಿ, ಚರ್ಮ ಅಂಟುವಷ್ಟು ಬಿಸಿ ಇರಬಹುದು. ಬೇರೆ ಕಂಪನಿಯ ಬ್ರೇಕ್ ಲಿವರ್ ಹಾಕಿಸಿದವರ ಮುಂದಿನ ಬ್ರೇಕಿನಲ್ಲೂ ಇದೇ ದೋಷ ಬರಬಹುದು. ಇದಲ್ಲದೆ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರಿನ ಜಾರುವ ಪಿನ್ನುಗಳು ಕೆಸರಿನಿಂದ ಹಿಡಿದುಕೊಳ್ಳುವುದು, ಪಿಸ್ಟನ್ ತುಕ್ಕು ಹಿಡಿದು ಹಿಂದೆ ಸರಿಯದಿರುವುದು ಮಳೆಗಾಲದ ನಂತರ ಸಾಮಾನ್ಯ. ಎರಡು ಪ್ಯಾಡುಗಳಲ್ಲಿ ಒಂದು ಮಾತ್ರ ಬೇಗ ಸವೆದಿದ್ದರೆ ಪಿನ್ನುಗಳನ್ನು ಬಿಚ್ಚಿ ಶುಚಿಮಾಡಿ ಅದಕ್ಕೆಂದೇ ಇರುವ ಗ್ರೀಸ್ ಹಚ್ಚಿಸಬೇಕು. ಡ್ರಮ್ ಬ್ರೇಕ್ ಇದ್ದವರು ರಾಡಿನ ನಟ್ ಅತಿಯಾಗಿ ಬಿಗಿದಿಲ್ಲವೇ ನೋಡಿದರೆ ಸಾಕು. ಬ್ರೇಕಿನ ಕೆಲಸದಲ್ಲಿ ಕೈ ಪಳಗದವರು ಪತ್ತೆ ಹಚ್ಚುವುದನ್ನಷ್ಟೇ ಮಾಡಿ, ರಿಪೇರಿಯನ್ನು ಬಲ್ಲವರಿಗೆ ಬಿಡಿ.

ವೇಗ, ಪೆಟ್ಟಿಗೆ, ಎದುರುಗಾಳಿ

ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 80ರಲ್ಲಿ ಹೋಗುತ್ತಿದ್ದವನು 100ಕ್ಕೆ ಏರಿಸಿದರೆ ವೇಗ ಕಾಲು ಭಾಗ ಹೆಚ್ಚಾಯಿತು, ಆದರೆ ಗಾಳಿಯ ತಡೆ ಒಂದೂವರೆ ಪಟ್ಟಿಗೂ ಹೆಚ್ಚಾಯಿತು, ಅದನ್ನು ಸೀಳಲು ಬೇಕಾದ ಶಕ್ತಿ ಹತ್ತಿರ ಹತ್ತಿರ ಎರಡರಷ್ಟಾಯಿತು. ಬೆಳಗಾವಿಯವರೆಗೆ ಇದರಿಂದ ಉಳಿಯುವುದು, ಎಲ್ಲೂ ನಿಲ್ಲದಿದ್ದರೂ, ಸುಮಾರು 50 ನಿಮಿಷ. ರಸ್ತೆ ಅಗಲವಾದ ಮೇಲೆ, ಅಥವಾ ಹೊಸ ವಿಂಡ್‌ಸ್ಕ್ರೀನ್ ಹಾಕಿಸಿ ಎದೆಗೆ ಗಾಳಿ ಬಡಿಯುವುದು ತಪ್ಪಿದ ಮೇಲೆ, ನಮಗೇ ತಿಳಿಯದಂತೆ ವೇಗ ಹತ್ತು ಹದಿನೈದು ಏರಿರುತ್ತದೆ. ಒಂದು ಪೂರ್ತಿ ಟ್ಯಾಂಕನ್ನು 80 ಮೀರದೆ ಓಡಿಸಿ ನೋಡಿ. ಎವರೇಜ್ ಮೊದಲಿನಂತೆ ಬಂದರೆ ಬೈಕಿನಲ್ಲಿ ದೋಷವಿಲ್ಲ.

ಪಕ್ಕದ ಪೆಟ್ಟಿಗೆಗಳು ಗಾಳಿಗೆ ಅಡ್ಡವಾಗಿ ನಿಲ್ಲುತ್ತವೆ, ಹಿಂದಿನ ಟಾಪ್ ಬಾಕ್ಸ್ ಬಹುಮಟ್ಟಿಗೆ ಸವಾರನ ಬೆನ್ನಿನ ಮರೆಯಲ್ಲಿರುತ್ತದೆ. ಸಾಮಾನು ಕಡಿಮೆ ಇದ್ದಾಗ ಎರಡರಲ್ಲಿ ಒಂದನ್ನು ಆರಿಸಬೇಕಾದರೆ ನಾನು ಪಕ್ಕದವನ್ನು ಬಿಚ್ಚಿಡುತ್ತೇನೆ. ಊರಿಗೆ ಹೋಗದ ತಿಂಗಳುಗಳಲ್ಲೂ ಖಾಲಿ ಪೆಟ್ಟಿಗೆ ಹೊತ್ತು ಆಫೀಸಿಗೆ ಓಡಾಡುವುದಕ್ಕೆ ಅರ್ಥವಿಲ್ಲ. ಗಾಳಿಯ ದಿಕ್ಕನ್ನೂ ಪುಸ್ತಕದಲ್ಲಿ ಬರೆಯಿರಿ. ಮುಂಗಾರಿನಲ್ಲಿ ಪಡುವಣ ಗಾಳಿ ಜೋರು; ಸಾತಾರಾ ಬಳಿಯ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ಗಾಳಿಯಂತ್ರಗಳ ಸಾಲು ನಿಂತಿರುವುದು ಸುಮ್ಮನೆ ಅಲ್ಲ. ಬೆಳಗಾವಿ ದಾರಿಯಲ್ಲಿ ಅದು ಪಕ್ಕದಿಂದ ಬಡಿಯುತ್ತದೆ. ಸೋಲಾಪುರದ ಮೇಲೆ ವಿಜಯಪುರಕ್ಕೆ ಹೋಗುವವರಿಗೆ ಹೋಗುವಾಗ ಬೆನ್ನಿಗೆ ಬಂದು, ಮರಳುವಾಗ ಎದುರಾಗುತ್ತದೆ.

ಸ್ಪ್ರಾಕೆಟ್ ಬದಲಿಸಿದ್ದು ನೆನಪಿದೆಯೇ? ಘಾಟಿಯಲ್ಲಿ ಎಳೆತ ಚೆನ್ನಾಗಿರಲಿ ಎಂದು ಮುಂದಿನ 15 ಹಲ್ಲಿನ ಸ್ಪ್ರಾಕೆಟ್ ತೆಗೆದು 14 ಹಲ್ಲಿನದು ಹಾಕಿಸಿದರೆ ಅದೇ ವೇಗಕ್ಕೆ ಎಂಜಿನ್ ಶೇ. 7ರಷ್ಟು ಹೆಚ್ಚು ತಿರುಗಬೇಕಾಗುತ್ತದೆ.

ಎಂಜಿನ್ನಿನ ಸರದಿ

ಇಷ್ಟೆಲ್ಲ ನೋಡಿಯೂ ಕಾರಣ ಸಿಗದಿದ್ದರೆ ಎಂಜಿನ್ ಕಡೆ ಬನ್ನಿ. ಏರ್ ಫಿಲ್ಟರ್ ಕಟ್ಟಿದರೆ ಕಾರ್ಬ್ಯುರೇಟರ್ ಬೈಕಿನಲ್ಲಿ ಮಿಶ್ರಣ ದಪ್ಪವಾಗಿ ಎವರೇಜ್ ನೇರವಾಗಿ ಬೀಳುತ್ತದೆ. ಇಂಜೆಕ್ಷನ್ ಬೈಕಿನಲ್ಲಿ ಗಾಳಿ ಕಡಿಮೆಯಾದದ್ದನ್ನು ಇಸಿಯು ಗಮನಿಸಿ ಪೆಟ್ರೋಲನ್ನೂ ಕಡಿಮೆ ಮಾಡುವುದರಿಂದ ಮೊದಲು ಬೀಳುವುದು ಎಳೆತ. ಎವರೇಜಿನ ಮೇಲಿನ ಪರಿಣಾಮ ಜನ ಅಂದುಕೊಂಡಷ್ಟಿಲ್ಲ. ಆದರೂ ಧೂಳಿನ ರಸ್ತೆಯ ಸವಾರರು ಹೇಳಿದ ಅವಧಿಗೆ ಮೊದಲೇ ಫಿಲ್ಟರ್ ತೆಗೆದು ನೋಡುವುದು ಒಳ್ಳೆಯದು. ಸ್ಪಾರ್ಕ್ ಪ್ಲಗ್ ಎಂಜಿನ್ನಿನ ಒಳಗಿನ ಸುದ್ದಿ ಹೇಳುವ ಭಾಗ, ಅದನ್ನು ಬಿಸಾಡುವ ಮುನ್ನ ಓದಿ: ತುದಿ ತಿಳಿ ಕಂದು ಇದ್ದರೆ ಸರಿ, ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಎಣ್ಣೆಯಿಂದ ತೇವವಾಗಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಕಡೆ ನೋಡಬೇಕು. ನಾನಾ ಪೇಠದ ಬಿಡಿಭಾಗದ ಅಂಗಡಿಗಳಿಗೆ ಹೋಗುವಾಗ ಹಳೆಯ ಪ್ಲಗ್ ಜೇಬಿನಲ್ಲಿರಲಿ, ಅದರ ಮೇಲಿನ ಸಂಖ್ಯೆಯನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ಕೊಳ್ಳಿ.

ಕ್ಲಚ್ ಜಾರುತ್ತಿದೆಯೇ ಎಂದು ನೋಡಲು ಹಳೆಯ ಕಾತ್ರಜ ಘಾಟಿಯ ಏರು ಸಾಕು. ಮೇಲಿನ ಗೇರಿನಲ್ಲಿ ಕಡಿಮೆ ಆರ್‌ಪಿಎಂನಿಂದ ಎಕ್ಸಲರೇಟರ್ ಜೋರಾಗಿ ತಿರುಗಿಸಿದಾಗ ಎಂಜಿನ್ ಸದ್ದು ಮೇಲೇರಿ ವೇಗ ಅಲ್ಲೇ ಉಳಿದರೆ ಕ್ಲಚ್ ಜಾರುತ್ತಿದೆ. ಪ್ಲೇಟು ಬದಲಿಸುವ ಮೊದಲು ಕೇಬಲ್ಲಿನ ಸಡಿಲ ನೋಡಿ. ಲಿವರಿನಲ್ಲಿ ಸ್ವಲ್ಪವೂ ಆಟವಿಲ್ಲದಿದ್ದರೆ ಕ್ಲಚ್ ಸದಾ ಅರ್ಧ ಒತ್ತಿದಂತಿರುತ್ತದೆ. ಕಾರಿನ ಆಯಿಲ್ ಹಾಕಿದ್ದರೂ ಕ್ಲಚ್ ಜಾರಬಹುದು, ಡಬ್ಬಿಯ ಮೇಲೆ ಬೈಕಿನ ಆಯಿಲಿನ ದರ್ಜೆ ಹೇಳುವ ಜಾಸೋ ಎಂಎ ಅಥವಾ ಎಂಎ2 ಎಂದಿರಬೇಕು. ಆಯಿಲ್ ಮಟ್ಟ ಮೇಲಿನ ಗೆರೆಯನ್ನು ದಾಟಬಾರದು.

ಟ್ಯಾಪೆಟ್ ಬಗ್ಗೆ ಒಂದು ತಪ್ಪು ನಂಬಿಕೆ ಇದೆ: ಸದ್ದು ಮಾಡದ ಟ್ಯಾಪೆಟ್ ಒಳ್ಳೆಯದು ಎಂದು. ಅಂತರ ತೀರಾ ಬಿಗಿಯಾದಾಗಲೂ ಸದ್ದು ಇರುವುದಿಲ್ಲ, ಆದರೆ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಸೋರುತ್ತದೆ. ರಾತ್ರಿಯಿಡೀ ತಣ್ಣಗಾದ ಎಂಜಿನ್ನಿನಲ್ಲೇ ಅದನ್ನು ಅಳೆಯಬೇಕು, ಬೈಕನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟು ಬನ್ನಿ.

ಸೆನ್ಸರುಗಳ ವಿಷಯ ಕೊನೆಗೆ. ನೀರು ತಂಪಿನ ಎಂಜಿನ್ನಿನಲ್ಲಿ ಥರ್ಮೋಸ್ಟಾಟ್ ತೆರೆದೇ ಉಳಿದರೆ ಚಳಿಯ ಮುಂಜಾನೆ ಹೆದ್ದಾರಿಯಲ್ಲಿ ತಾಪಮಾನದ ಗೆರೆ ಎಂದಿನ ಮಟ್ಟಕ್ಕೆ ಏರುವುದೇ ಇಲ್ಲ, ಘಾಟಿ ಇಳಿಯುವಾಗ ಇನ್ನೂ ಕೆಳಗೆ ಬೀಳುತ್ತದೆ. ಎಂಜಿನ್ ಇನ್ನೂ ತಣ್ಣಗಿದೆ ಎಂದು ತಿಳಿದು ಇಸಿಯು ಹೆಚ್ಚು ಪೆಟ್ರೋಲ್ ಬಿಡುತ್ತಲೇ ಇರುತ್ತದೆ. ಸೈಲೆನ್ಸರಿಗೆ ಹೋಗುವ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್ ಕೆಟ್ಟರೂ ಫಲ ಅದೇ ಆಗಬಹುದು. ಬೇರೆ ಸೈಲೆನ್ಸರ್ ಹಾಕಿಸಿದವರು ಸೆನ್ಸರಿಗಿಂತ ಮೊದಲಿನ ಜೋಡಣೆಯಲ್ಲಿ ಸೋರಿಕೆ ಇದೆಯೇ ನೋಡಿ: ಅಲ್ಲಿ ಹೊರಗಿನ ಗಾಳಿ ನುಸುಳಿದರೆ ಮಿಶ್ರಣ ತೆಳುವಾಗಿದೆ ಎಂದು ಸೆನ್ಸರ್ ತಪ್ಪು ವರದಿ ಕೊಡುತ್ತದೆ, ಇಸಿಯು ಬೇಡದ ಪೆಟ್ರೋಲ್ ಸೇರಿಸುತ್ತದೆ. ಮೀಟರಿನಲ್ಲಿ ಎಂಜಿನ್ ಚಿತ್ರದ ದೀಪ ಹೊತ್ತಿಕೊಂಡೇ ಇದ್ದರೆ ಊಹೆಗೆ ಹೋಗದೆ ಸ್ಕ್ಯಾನರ್ ಹಾಕಿಸಿ ದೋಷದ ಕೋಡ್ ಓದಿಸಿ, ಆ ಕೋಡನ್ನು ಬರೆದುಕೊಂಡು ಬನ್ನಿ.

ಗ್ಯಾರೇಜಿಗೆ ಹೋದಾಗ ಎವರೇಜ್ ಬರುತ್ತಿಲ್ಲ ಎಂದಷ್ಟೇ ಹೇಳಬೇಡಿ. ಮೂರು ಟ್ಯಾಂಕುಗಳ ಲೆಕ್ಕ, ಯಾವಾಗಿನಿಂದ ಬಿತ್ತು, ಯಾವ ರಸ್ತೆಯಲ್ಲಿ ಬಿತ್ತು, ನೀವು ಈಗಾಗಲೇ ನೋಡಿದ್ದು ಏನೇನು ಎಂಬುದನ್ನು ಜಾಬ್ ಕಾರ್ಡಿನಲ್ಲೇ ಬರೆಸಿ, ಬದಲಿಸಿದ ಹಳೆಯ ಭಾಗಗಳನ್ನು ವಾಪಸು ಕೇಳಿ. ಅಲ್ಲೂ ಕಾರಣ ಸಿಗದಿದ್ದರೆ ಕಂಪ್ರೆಶನ್ ಪರೀಕ್ಷೆ ಮಾಡಿಸಬೇಕು: ಮೊದಲು ಹಾಗೆಯೇ ಒಮ್ಮೆ ಅಳೆದು, ಪ್ಲಗ್ ರಂಧ್ರದಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೊಮ್ಮೆ ಅಳೆಯುತ್ತಾರೆ. ಎರಡನೆಯ ಸಲ ಸಂಖ್ಯೆ ಚೆನ್ನಾಗಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಈ ಎರಡು ಸಂಖ್ಯೆಗಳನ್ನು ಕಣ್ಣಾರೆ ನೋಡುವವರೆಗೆ ಎಂಜಿನ್ ಬಿಚ್ಚಲು ಯಾರಿಗೂ ಒಪ್ಪಿಗೆ ಕೊಡಬೇಡಿ.